ಮಳೆಗಾಲದ ಕಾಮಗಾರಿಯಲ್ಲಿ ಧರೆಯ ನೀರನ್ನು ಇಳಿಸುವುದು: ಯಾವ ತಾತ್ಕಾಲಿಕ ಚರಂಡಿ ಎಲ್ಲಿಗೆ ಸರಿ?

ಮೇ ತಿಂಗಳಲ್ಲಿ ಕಡಿದ ಧರೆಯನ್ನು, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಇಳಿಜಾರು ಮುಖವನ್ನು, ಜುಲೈನಲ್ಲಿ ಮತ್ತೊಮ್ಮೆ ನೋಡಿದವರಿಗೆ ಈ ವಿಷಯದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆಸಿಬಿಯ ಹಲ್ಲಿನ ಗೆರೆಗಳು ಇನ್ನೂ ಹಸಿಯಾಗಿ ಕಾಣುತ್ತಿದ್ದ ಕೆಂಪು ಮುಖದ ಮೇಲೆ ಆರಿದ್ರಾ ಮಳೆಯ ಹೊತ್ತಿಗೆ ಬೆರಳಗಲದ ಗೀರುಗಳು ಮೂಡುತ್ತವೆ. ಪುನರ್ವಸು ಮುಗಿಯುವುದರೊಳಗೆ ಅವು ಮೊಣಕಾಲಾಳದ ಕೊರಕಲುಗಳಾಗಿರುತ್ತವೆ. ಅಲ್ಲಿಂದ ಹೊರಟ ಮಣ್ಣು ಕೆಳಗಿನ ಮೋರಿಯಲ್ಲೋ, ನೆರೆಯವರ ಗದ್ದೆಯಲ್ಲೋ, ಅಡಿಕೆ ತೋಟದ ಬಸಿಗಾಲುವೆಯಲ್ಲೋ ಕುಳಿತು, ಕಾಮಗಾರಿ ಮಾಡಿಸಿದವರಿಗೂ ಅದನ್ನು ಅನುಭವಿಸುವವರಿಗೂ ನಡುವೆ ವರ್ಷಗಟ್ಟಲೆ ಮುಗಿಯದ ಮನಸ್ತಾಪಕ್ಕೆ ಕಾರಣವಾಗುತ್ತದೆ.

ಧರೆಯ ನೆತ್ತಿಯಲ್ಲಿ ಒಂದು ಬದು ಕಟ್ಟಿ, ಮೇಲಿನಿಂದ ಹರಿದು ಬರುವ ನೀರನ್ನು ಒಂದೆಡೆ ಸೇರಿಸಿ, ಹಸಿ ಮಣ್ಣಿಗೆ ಸೋಕದಂತೆ ಬುಡದವರೆಗೆ ಇಳಿಸಿ ಬಿಡುವ ವ್ಯವಸ್ಥೆಗೆ ತಾತ್ಕಾಲಿಕ ಇಳಿಜಾರು ಚರಂಡಿ ಎನ್ನುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ 306ನೇ ಉಪವಿಭಾಗವು ಮಣ್ಣಿನ ಸವಕಳಿ ತಡೆಯುವ ಕ್ರಮಗಳಲ್ಲಿ ಇದನ್ನೂ ಸೇರಿಸಿದೆ. ಆದರೂ ಶಾಶ್ವತ ಚರಂಡಿ ಹೇಗೂ ಬರಲಿದೆಯಲ್ಲ ಎಂಬ ಸಮಾಧಾನದಲ್ಲಿ ಒಂದು ಮಳೆಗಾಲವನ್ನು ಹಾಗೆಯೇ ದಾಟಿಸಿಬಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಧರೆ ಹಾಳಾಗುವುದಕ್ಕೆ ಆ ಒಂದೇ ಮಳೆಗಾಲ ಸಾಕು.

ಆಯ್ಕೆಯ ಮಾತಿಗೆ ಹೋಗುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದಂತಹ ಗುಡ್ಡ ಕುಸಿತವನ್ನು ಯಾವ ತಾತ್ಕಾಲಿಕ ಚರಂಡಿಯೂ ತಡೆಯಲಾರದು. ಇದು ಮೇಲ್ಮೈಯ ಕೊರೆತಕ್ಕೆ ಮಾತ್ರ ಮದ್ದು. ಧರೆಯ ನೆತ್ತಿಯಿಂದ ಹಿಂದಕ್ಕೆ ನೆಲ ಬಿರುಕು ಬಿಟ್ಟಿದ್ದರೆ, ಮರಗಳು ಓಲಿದ್ದರೆ ಅಥವಾ ಧರೆಯ ನಡುವಿನಿಂದ ಹೊಸದಾಗಿ ಒರತೆ ಒಸರುತ್ತಿದ್ದರೆ ಪೈಪಿನ ಅಳತೆ ಯೋಚಿಸುತ್ತ ಕೂರದೆ, ಕೆಳಗಿರುವ ಜನರನ್ನು ಮೊದಲು ಸ್ಥಳಾಂತರಿಸಿ ಭೂತಾಂತ್ರಿಕ ತಜ್ಞರನ್ನು ಕರೆಸಬೇಕು.

ಇಳಿಸಬೇಕೇ, ತಿರುಗಿಸಬಹುದೇ?

ಮೊದಲ ಹೋಲಿಕೆ ಪೈಪಿಗೂ ಕಲ್ಲಿಗೂ ನಡುವಿನದಲ್ಲ, ನೀರನ್ನು ಧರೆಯ ಮೇಲೆ ಇಳಿಸುವುದಕ್ಕೂ ಇಳಿಸದಿರುವುದಕ್ಕೂ ನಡುವಿನದು. ಧರೆಯ ಒಂದು ಪಕ್ಕದಲ್ಲಿ ಮೊದಲಿನಿಂದಲೂ ನೀರು ಹರಿಯುವ ಹಳ್ಳವೋ, ಹುಲ್ಲು ಬೆಳೆದ ಗಟ್ಟಿ ಇಳಿಜಾರೋ ಇದ್ದು, ನೆತ್ತಿಯ ಅಗಳನ್ನು ಮೆಲ್ಲಗೆ ಓರೆಯಾಗಿ ಅತ್ತ ಒಯ್ಯಲು ಸಾಧ್ಯವಿದ್ದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಭದ್ರವಾದ ಉಪಾಯ ಇನ್ನೊಂದಿಲ್ಲ. ಆದರೆ ಆ ಅಗಳಿಗೆ ಒಳಹಾಸು ಇರಲೇಬೇಕು. ಬರಿ ಮಣ್ಣಿನ ಅಗಳಿನಲ್ಲಿ ನಿಂತ ನೀರು ಕೆಳಗಿಳಿದು ಧರೆಯ ಬೆನ್ನಿಗೇ ಸೇರುತ್ತದೆ. ನೀರು ತಪ್ಪಿಸಲೆಂದು ತೋಡಿದ ಕಾಲುವೆಯೇ ಧರೆಗೆ ನೀರು ಕುಡಿಸಿದಂತಾಗುತ್ತದೆ. ಕೃಷಿಹೊಂಡಕ್ಕೆ ಹಾಸುವ ಸಿಲ್ಪಾಲಿನ್ ಹಾಳೆಯನ್ನು ಅಗಳಿನ ಉದ್ದಕ್ಕೂ ಹಾಸಿ, ಎರಡೂ ಅಂಚನ್ನು ಒಂದಡಿಯಷ್ಟು ಮಣ್ಣಿನಲ್ಲಿ ಹೂತರೆ ಒಂದು ಮಳೆಗಾಲಕ್ಕೆ ಧಾರಾಳವಾಗಿ ಸಾಕು.

ಪಕ್ಕಕ್ಕೆ ಒಯ್ಯಲು ದಾರಿಯಿಲ್ಲದಿದ್ದಾಗ, ಅಥವಾ ಒಯ್ದ ನೀರು ಬೇರೊಬ್ಬರ ಹಿತ್ತಲಿಗೆ ಹೋಗುವಂತಿದ್ದಾಗ ಮಾತ್ರ ಇಳಿಸುವ ಮಾತು ಬರುತ್ತದೆ. ಅದಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ಬಗೆಗಳು ಮುಖ್ಯವಾಗಿ ನಾಲ್ಕು: ಮುಚ್ಚಿದ ಪೈಪು, ಹಾಳೆ ಹಾಸಿದ ತೆರೆದ ಇಳಿಗಾಲುವೆ, ಕಲ್ಲು ಅಥವಾ ಮರಳು ಚೀಲ ಜೋಡಿಸಿದ ಇಳಿಗಾಲುವೆ, ಮತ್ತು ಶಾಶ್ವತವಾಗಿ ಕಟ್ಟಬೇಕಾದ ಕಾಂಕ್ರೀಟ್ ಇಳಿಗಾಲುವೆಯನ್ನೇ ಮೊದಲು ಕಟ್ಟಿಬಿಡುವುದು. ನೀರನ್ನು ಮಣ್ಣಿಗೆ ಸೋಕಿಸದೆ ಒಯ್ಯುವ ಈ ಉಪಾಯ ಮಲೆನಾಡಿಗೆ ಹೊಸದೇನೂ ಅಲ್ಲ. ಅಡಿಕೆ ಮರವನ್ನು ಸೀಳಿ ಒಳಗಿನ ತಿರುಳು ತೆಗೆದ ದಂಬೆಗಳನ್ನು ಒಂದರ ತುದಿಗೆ ಒಂದು ಕೂಡಿಸಿ, ಕವೆಗೋಲಿನ ಮೇಲೆ ನಿಲ್ಲಿಸಿ, ಗುಡ್ಡದ ಒರತೆಯನ್ನು ಅಬ್ಬಿ ನೀರಾಗಿ ಮನೆಯ ಬಚ್ಚಲಿನವರೆಗೆ ತಂದವರು ನಮ್ಮ ಹಿರಿಯರು. ದಂಬೆಯ ಮೊದಲ ತುದಿಯನ್ನು ಒರತೆಯ ಬಾಯಿಗೆ ಕೂರಿಸುವ ಕೆಲಸಕ್ಕೆ ಅವರು ಕೊಡುತ್ತಿದ್ದಷ್ಟು ಗಮನವನ್ನು ನಾವು ಇಂದಿನ ಪೈಪಿನ ಬಾಯಿಗೆ ಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಪೈಪು: ಬಾಯಿಯಲ್ಲಿದೆ ಅದರ ಬಲ

ಮಣ್ಣು ತುಂಬಿ ಎತ್ತರಿಸುವ ಏರಿಗಳಿಗೆ ಮತ್ತು ಕಡಿದಾದ ಧರೆಗಳಿಗೆ ಪೈಪಿಗಿಂತ ಉತ್ತಮವಾದುದು ಇಲ್ಲವೆಂಬುದು ನನ್ನ ಅಭಿಪ್ರಾಯ. ಏರಿ ದಿನದಿನಕ್ಕೆ ಮೇಲೇರಿದಂತೆ ಪೈಪನ್ನೂ ಒಂದೊಂದು ತುಂಡು ಸೇರಿಸಿ ಬೆಳೆಸುತ್ತ ಹೋಗಬಹುದು. ತೆರೆದ ಕಾಲುವೆಗೆ ಆ ಅನುಕೂಲವಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಮುಂದಿನ ಕಾಮಗಾರಿಗೆ ಒಯ್ಯಬಹುದಾದ್ದರಿಂದ, ಮೊದಲ ಖರ್ಚು ಹೆಚ್ಚೆಂದು ಕಂಡರೂ ಎರಡು ಮೂರು ಮಳೆಗಾಲದಲ್ಲಿ ಅದು ಹಿಂದಿರುಗುತ್ತದೆ.

ಅಳತೆಯ ವಿಷಯದಲ್ಲಿ ಬಹುತೇಕರು ಎಡವುವುದು ಒಂದೇ ಕಡೆ. ಪೈಪು ಕಡಿದಾಗಿ ಇಳಿಯುತ್ತದೆ, ನೀರು ರಭಸದಿಂದ ಹೋಗುತ್ತದೆ, ಆದ್ದರಿಂದ ಸಣ್ಣ ಪೈಪೇ ಸಾಕು ಎಂದು ಭಾವಿಸುತ್ತಾರೆ. ಆದರೆ ಇಂತಹ ಪೈಪಿನ ಸಾಮರ್ಥ್ಯವನ್ನು ನಿರ್ಧರಿಸುವುದು ಅದರ ಇಳಿಜಾರಲ್ಲ, ಅದರ ಬಾಯಿ. ಒಳಗೆ ಹೋದ ನೀರು ಎಷ್ಟೇ ಬೇಗ ಇಳಿದರೂ, ಬಾಯಿಯ ಮೂಲಕ ಒಳಹೋಗುವ ನೀರಿಗೆ ಒಂದು ಮಿತಿಯಿದೆ. ಬಾಯಿಯ ಮೇಲಂಚಿನ ಮಟ್ಟಕ್ಕೆ ನೀರು ನಿಂತಾಗ 300 ಮಿ.ಮೀ. ಪೈಪು ಸೆಕೆಂಡಿಗೆ ಹೆಚ್ಚುಕಡಿಮೆ 50 ಲೀಟರ್ ನೀರನ್ನು ಎಳೆದುಕೊಳ್ಳುತ್ತದೆ.

ಈಗ ಮಳೆಯ ಲೆಕ್ಕವನ್ನು ನೋಡೋಣ. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆ ಅರ್ಧ ಎಕರೆಯ, ಅಂದರೆ 20 ಗುಂಟೆಯ, ಬರಿ ನೆಲದ ಮೇಲೆ ಸುರಿದು, ಅದರಲ್ಲಿ ಶೇಕಡಾ 60ರಷ್ಟು ಹರಿದು ಬಂದರೆ ಸೆಕೆಂಡಿಗೆ ಸುಮಾರು 34 ಲೀಟರ್ ಆಗುತ್ತದೆ. ಪ್ರತಿ ಸೆಕೆಂಡಿಗೆ ಎರಡು ಕೊಡ ನೀರು. ಜುಲೈ ತಿಂಗಳಲ್ಲಿ ನೆಲ ನೀರು ಕುಡಿದು ತಣಿದ ಮೇಲೆ ಶೇಕಡಾ 80ರಷ್ಟು ಹರಿದು ಬರುತ್ತದೆಂದು ಹಿಡಿದರೆ 45 ಲೀಟರಿನ ಹತ್ತಿರ ಬರುತ್ತದೆ. ಆದ್ದರಿಂದ ನಮ್ಮ ಮಳೆಗೆ 300 ಮಿ.ಮೀ. ಪೈಪು 20 ಗುಂಟೆಗೆ ಸರಿಯೇ ಹೊರತು ಅದಕ್ಕಿಂತ ಹೆಚ್ಚಿಗೆ ಅಲ್ಲ. ಒಂದು ಎಕರೆಗೆ 450 ಮಿ.ಮೀ. ಬೇಕು, ಅಥವಾ ನೀರನ್ನು ಎರಡು ಕಡೆ ಹಂಚಿ ಎರಡು ಪೈಪು ಇಡಬೇಕು. ನನಗೆ ಕೇಳಿದರೆ ಎರಡನೆಯದೇ ಒಳ್ಳೆಯದು, ಏಕೆಂದರೆ ಒಂದರ ಬಾಯಿಗೆ ಕಸ ಕಟ್ಟಿದಾಗ ಇನ್ನೊಂದು ಇರುತ್ತದೆ. ಮನೆ ಕಟ್ಟುವವರು ಕೈಗೆ ಸುಲಭವಾಗಿ ಸಿಗುವ ನಾಲ್ಕಿಂಚಿನ ಪಿವಿಸಿ ಪೈಪನ್ನು ಧರೆಯ ಮೇಲೆ ಇಳಿಬಿಟ್ಟಿರುವುದನ್ನು ಎಲ್ಲೆಡೆ ಕಾಣುತ್ತೇವೆ. ಇದೇ ಲೆಕ್ಕದಲ್ಲಿ ಅದು ಒಂದೂವರೆ ಗುಂಟೆಯ ನೀರಿಗೂ ಕಷ್ಟದಿಂದ ಸಾಲುತ್ತದೆ. ಆರಿಂಚಿನದು ನಾಲ್ಕು ಗುಂಟೆಗೆ ಸಾಕು.

ಪೈಪಿನಲ್ಲಿಯೂ ಬಗೆಗಳಿವೆ. ಎರಡು ಪದರದ ಡಿಡಬ್ಲ್ಯೂಸಿ ಪೈಪು ಹೊರಗೆ ಅಲೆಅಲೆಯಾಗಿದ್ದರೂ ಒಳಗೆ ನುಣುಪಾಗಿರುತ್ತದೆ. ಆದ್ದರಿಂದ ಬುಡದಲ್ಲಿ ನೀರು ಬಂದು ಬೀಳುವ ರಭಸ ಹೆಚ್ಚು. ಒಂದೇ ಪದರದ, ಒಳಗೂ ಅಲೆಯಿರುವ ಪೈಪು ನೀರಿನ ವೇಗವನ್ನು ತಗ್ಗಿಸುತ್ತದೆ, ಧರೆಯ ಡೊಂಕಿಗೆ ಬಾಗುತ್ತದೆ, ಆದರೆ ಕಲ್ಲು ಬಿದ್ದರೆ ಬೇಗ ಜಜ್ಜಿಹೋಗುತ್ತದೆ. ಎರಡಕ್ಕೂ ಸಮಾನವಾದ ಒಂದು ದೋಷವೆಂದರೆ ಬಿಸಿಲಿಗೆ ಹಿಗ್ಗುವುದು. 20 ಮೀಟರ್ ಉದ್ದದ ಇಂತಹ ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪನ್ನು ಮೇ ತಿಂಗಳ ನಡುಮಧ್ಯಾಹ್ನ ಬಿಗಿಯಾಗಿ ಜೋಡಿಸಿದರೆ, ಮಳೆ ಹಿಡಿದು ಪೈಪಿನ ಬಿಸಿ 25 ಡಿಗ್ರಿಯಷ್ಟು ಇಳಿದಾಗ ಅದು ಏಳೆಂಟು ಸೆಂಟಿಮೀಟರ್ ಕುಗ್ಗುತ್ತದೆ, ಮತ್ತು ಆ ಕುಗ್ಗುವಿಕೆ ಯಾವುದಾದರೊಂದು ಕೂಡುಜಾಗವನ್ನು ಬಿಚ್ಚುತ್ತದೆ. ಜೋಡಿಸುವ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮಾಡಿಸಬೇಕೆಂದು ಮೇಸ್ತ್ರಿಗೆ ಹೇಳುವುದು ಇದಕ್ಕಾಗಿ. ಪ್ರತಿ ಮೂರು ಮೀಟರಿಗೊಮ್ಮೆ ಗೂಟ ಹೊಡೆದು ಪೈಪನ್ನು ಬಿಗಿಯುವುದನ್ನೂ ತಪ್ಪಿಸಬಾರದು.

ಪೈಪು ಸೋಲುವ ಬಗೆಯನ್ನು ನಾನು ಹತ್ತಿರದಿಂದ ಕಂಡದ್ದು ಕರಾವಳಿಯ ಒಂದು ರಸ್ತೆ ಕಾಮಗಾರಿಯಲ್ಲಿ. ಹನ್ನೊಂದು ಮೀಟರ್ ಎತ್ತರದ ಹೊಸ ಏರಿಗೆ ಲೆಕ್ಕದ ಪ್ರಕಾರವೇ 300 ಮಿ.ಮೀ. ಪೈಪು ಇಟ್ಟಿದ್ದೆವು. ಸಂಜೆ ಮಳೆ ಬರುವ ಅವಸರದಲ್ಲಿ ಪೈಪಿನ ಬಾಯಿಯ ಸುತ್ತ ಮಣ್ಣನ್ನು ಯಂತ್ರದ ಬಕೆಟ್ಟಿನಿಂದಲೇ ತಳ್ಳಿ ಒತ್ತಿದ್ದರು. ನಾನೂ ಅದನ್ನು ನೋಡಿ ಸುಮ್ಮನಾಗಿದ್ದೆ. ಮೂರನೆಯ ರಾತ್ರಿಯ ಮಳೆಯ ನಂತರ ಬೆಳಿಗ್ಗೆ ಹೋಗಿ ನೋಡಿದಾಗ ಬುಡದಲ್ಲಿ ಪೈಪಿನಿಂದ ಬೆರಳು ಗಾತ್ರದ ಧಾರೆಯಷ್ಟೇ ಬೀಳುತ್ತಿತ್ತು. ಉಳಿದ ನೀರೆಲ್ಲ ಪೈಪಿನ ಹೊರಮೈಗೆ ತಾಗಿಕೊಂಡು, ಅದರ ಕೆಳಗಿನ ಸಡಿಲ ಮಣ್ಣನ್ನು ಕೊರೆಯುತ್ತ ಇಳಿದಿತ್ತು. ಪೈಪಿನ ಅಡಿಯಲ್ಲಿ ತೋಳು ಇಳಿಸಿದರೆ ಭುಜದವರೆಗೆ ಹೋಗುವಷ್ಟು ಆಳದ ಸಂದು ಬಿದ್ದಿತ್ತು. ಎರಡು ಗೂಟಗಳ ನಡುವೆ ಪೈಪು ಗಾಳಿಯಲ್ಲಿ ನಿಂತಿತ್ತು. ಕೆಳಗಿನ ಗದ್ದೆಯಲ್ಲಿ ಆ ವಾರವಷ್ಟೇ ನೆಟ್ಟಿದ್ದ ನಾಟಿಯ ಎರಡು ಸಾಲು ಕೆಂಪು ಕೆಸರಿನಡಿ ಹೋಗಿತ್ತು. ಆ ಗದ್ದೆಯ ಅಜ್ಜಿ ಏನೂ ಬಯ್ಯದೆ, ಕೆಸರಿನಿಂದ ಸಸಿಗಳನ್ನು ಒಂದೊಂದಾಗಿ ಎತ್ತಿ ತೊಳೆಯುತ್ತಿದ್ದರು.

ಅಂದಿನಿಂದ ನಾನು ಪೈಪಿನ ಬಾಯಿಯ ಕೆಲಸವನ್ನು ನಿಂತು ಮಾಡಿಸುತ್ತೇನೆ. ಬಾಯಿಯ ಸುತ್ತಲಿನ ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ಕೈಯಿಂದಲೇ ದಮ್ಮಾಸು ಬಡಿಯಬೇಕು. ಪೈಪಿನ ಕೆಳಗಿನ ಎರಡು ಬದಿಯ ಮೂಲೆಗಳಿಗೆ ಯಂತ್ರ ತಲುಪುವುದಿಲ್ಲ, ನೀರು ದಾರಿ ಮಾಡಿಕೊಳ್ಳುವುದು ಅಲ್ಲಿಯೇ. ಪೈಪಿನ ಮೇಲೆ ಬದು ಕನಿಷ್ಠ ಒಂದು ಅಡಿ ಎತ್ತರವಿರಬೇಕು. ಬಾಯಿಯ ಮುಂದೆ ಹಾಳೆ ಹಾಸಿ ಅದರ ಮೇಲೆ ಮರಳು ಚೀಲ ಇಟ್ಟು, ಕಸ ತಡೆಯಲು ಕಬ್ಬಿಣದ ಸರಳುಗಳನ್ನು ಅಗಲವಾಗಿ ನೆಟ್ಟರೆ ಸಾಕು; ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಒಂದೇ ಮಳೆಗೆ ಎಲೆ ಸೇರಿ ಬಾಯಿ ಮುಚ್ಚಿಹೋಗುತ್ತದೆ.

ತೆರೆದ ಇಳಿಗಾಲುವೆಗಳು

ಹಾಳೆ ಹಾಸಿದ ಇಳಿಗಾಲುವೆ ಎಲ್ಲಕ್ಕಿಂತ ಅಗ್ಗ, ಮತ್ತು ಒಂದೇ ದಿನದಲ್ಲಿ ಆಗುವಂಥದ್ದು. ನಾಲ್ಕೈದು ಮೀಟರ್ ಎತ್ತರದ, ಹೆಚ್ಚು ಕಡಿದಲ್ಲದ, ಒಂದೆರಡು ತಿಂಗಳು ಮಾತ್ರ ಕಾಪಾಡಬೇಕಾದ ಧರೆಗೆ ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಮೇಲಿನ ಹಾಳೆಯು ಕೆಳಗಿನ ಹಾಳೆಯ ಮೇಲೆ ಎರಡಡಿಯಾದರೂ ಬರುವಂತೆ, ಹೆಂಚು ಹೊದಿಸಿದ ಕ್ರಮದಲ್ಲಿ ಹಾಸಬೇಕು. ಉಲ್ಟಾ ಹಾಸಿದರೆ ನೀರು ಸಂದಿನಲ್ಲಿ ನುಗ್ಗಿ ಹಾಳೆಯ ಅಡಿಯಲ್ಲೇ ಹರಿಯುತ್ತದೆ, ಮತ್ತು ಮೇಲಿನಿಂದ ನೋಡುವವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಇದರ ನಿಜವಾದ ಶತ್ರು ಗಾಳಿ. ಆಷಾಢದ ಗಾಳಿಗೆ ಅಂಚು ಎದ್ದ ಹಾಳೆ ಒಂದು ರಾತ್ರಿಯಲ್ಲಿ ಚಿಂದಿಯಾಗುತ್ತದೆ. ಹಳೆಯ ಛಾವಣಿ ತಗಡುಗಳನ್ನು ಇದೇ ರೀತಿ ಇಳಿಬಿಡುವವರೂ ಇದ್ದಾರೆ. ತಗಡು ಹಾರಿ ಕೆಳಗಿರುವವರಿಗೆ ತಾಗುವ ಅಪಾಯವಿರುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಕಲ್ಲು ಜೋಡಿಸಿದ ಇಳಿಗಾಲುವೆಗೆ ತೂಕದ ಬಲವಿದೆ, ಮತ್ತು ಕಲ್ಲಿನ ಒರಟುತನದಿಂದ ನೀರಿನ ರಭಸವೂ ಮುರಿಯುತ್ತದೆ. ಕಲ್ಲು ಹತ್ತಿರದಲ್ಲೇ ಸಿಗುವ ಕಡೆ, ಎರಡು ಅಡಿಗೆ ಒಂದು ಅಡಿ ಏರುವಷ್ಟು ಅಥವಾ ಅದಕ್ಕಿಂತ ಮೆತ್ತಗಿನ ಇಳಿಜಾರಿನಲ್ಲಿ, ಪೈಪಿಗೆ ಮೀರಿದಷ್ಟು ನೀರು ಬರುವುದಾದರೆ ಇದೇ ಸೂಕ್ತ. ಆದರೆ ಕಲ್ಲಿನ ಅಡಿಯಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸದಿದ್ದರೆ ಸಂದುಗಳಿಂದ ಮಣ್ಣು ತೊಳೆದುಹೋಗಿ, ಕಲ್ಲು ಕುಳಿತು, ಕಾಲುವೆಯ ಆಕಾರವೇ ಕೆಡುತ್ತದೆ. ಮರಳು ಚೀಲದ ಇಳಿಗಾಲುವೆಯನ್ನು ನಾನು ತುರ್ತಿನ ಉಪಾಯವೆಂದು ಮಾತ್ರ ಒಪ್ಪುತ್ತೇನೆ. ಸಿಮೆಂಟಿನ ಖಾಲಿ ಚೀಲಗಳು ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗಿ, ಒಳಗಿನ ಮಣ್ಣೂ ನೀರಿನೊಡನೆ ಹೋಗುತ್ತದೆ.

ಈ ಆಯ್ಕೆಯಲ್ಲಿ ಮಣ್ಣಿನ ಗುಣವೇ ಕೊನೆಯ ಮಾತು ಹೇಳುತ್ತದೆ. ದಕ್ಷಿಣ ಕನ್ನಡ, ಉಡುಪಿ ಭಾಗದಲ್ಲಿ ಧರೆ ಕಡಿದಾಗ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿಯಲ್ಲಿ ಬಿಳಿ ಅಥವಾ ನಸುಗುಲಾಬಿ ಬಣ್ಣದ ಶೇಡಿ ಮಣ್ಣು ಸಿಗುವುದು ಸಾಮಾನ್ಯ. ಒಣಗಿದ್ದಾಗ ಶೇಡಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ನಂಬಿ ಕಡಿದಾಗಿ ಕಡಿಯುತ್ತಾರೆ. ನೀರು ತುಂಬಿದೊಡನೆ ಅದು ಕಸುವು ಕಳೆದುಕೊಂಡು ಹಿಟ್ಟಿನಂತೆ ಕರಗಿ ಹರಿಯುತ್ತದೆ. ಮುರಕಲ್ಲಿನ ಮುಖದಲ್ಲಿ ಸಣ್ಣಪುಟ್ಟ ಸೋರಿಕೆಯ ಕಾಲುವೆಯೂ ಒಂದು ಮಳೆಗಾಲ ನಡೆದುಹೋಗಬಹುದು. ಶೇಡಿಯ ಮೇಲೆ ಕಲ್ಲಿನ ಇಳಿಗಾಲುವೆ ಬೇಡವೇ ಬೇಡ, ಕೂಡುಜಾಗ ಸೋರದ ಪೈಪು ಮಾತ್ರ. ಬಣ್ಣ ನೋಡಿ ಸಂಶಯ ಬಂದರೆ ಒಂದು ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಹತ್ತು ನಿಮಿಷ ನೋಡಬಹುದು. ಹೆಂಟೆ ತಾನಾಗಿ ಕುಸಿದು ನೀರು ಹಾಲಿನಂತಾದರೆ ಆ ಧರೆಗೆ ತೆರೆದ ಕಾಲುವೆಯನ್ನು ಯೋಚಿಸಬಾರದು.

ಕಾಂಕ್ರೀಟ್ ಇಳಿಗಾಲುವೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ಹೇಗೂ ಇದೆ, ಧರೆಯ ಮುಖ ಅಂತಿಮ ಆಕಾರಕ್ಕೆ ಬಂದಿದೆ, ಮಳೆಗೆ ಇನ್ನೂ ಒಂದು ತಿಂಗಳಿದೆ ಎಂದಾದರೆ ತಾತ್ಕಾಲಿಕ ವ್ಯವಸ್ಥೆಗೆ ಹಣ ಹಾಕದೆ ಅದನ್ನೇ ಮೊದಲು ಮುಗಿಸುವುದು ಜಾಣತನ. ಹೊಸದಾಗಿ ತುಂಬಿದ ಏರಿಯ ಮೇಲೆ ಮಾತ್ರ ಅವಸರ ಮಾಡಬಾರದು. ಮೊದಲ ಮಳೆಗಾಲದಲ್ಲಿ ಏರಿ ಕುಳಿತುಕೊಳ್ಳುವಾಗ ಕಾಂಕ್ರೀಟು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಇಳಿದ ನೀರು ಒಳಗೊಳಗೇ ಪೊಳ್ಳು ಮಾಡುತ್ತದೆ.

ತೆಂಗಿನ ನಾರಿನ ಬಲೆಯನ್ನು ಹೊದಿಸಿದ ಮೇಲೆ ಚರಂಡಿ ಯಾಕೆ ಎಂದು ಕೇಳುವವರಿದ್ದಾರೆ. ಇವೆರಡೂ ಒಂದರ ಬದಲಿಗೆ ಇನ್ನೊಂದಲ್ಲ. ನಾರಿನ ಬಲೆ ಮಳೆಹನಿಯ ಹೊಡೆತವನ್ನು ತಡೆದು ಹುಲ್ಲಿಗೆ ಬೇರೂರಲು ಎಡೆ ಮಾಡಿಕೊಡುತ್ತದೆ; ಮೇಲಿನಿಂದ ಒಂದಾಗಿ ಬರುವ ನೀರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ನೆತ್ತಿಯ ನೀರನ್ನು ತಪ್ಪಿಸದೆ ಬಲೆ ಹೊದಿಸಿದರೆ ಬಲೆಯ ಅಡಿಯಲ್ಲೇ ಕೊರಕಲು ಬೀಳುತ್ತದೆ, ಅದು ಕಣ್ಣಿಗೆ ಬೀಳುವುದೂ ತಡವಾಗುತ್ತದೆ.

ಬುಡದಲ್ಲಿ

ಮೇಲಿನ ಯಾವ ಬಗೆಯನ್ನು ಆರಿಸಿದರೂ ಬುಡದ ಖರ್ಚು ತಪ್ಪುವುದಿಲ್ಲ, ಮತ್ತು ಹೋಲಿಕೆ ಮಾಡುವಾಗ ಇದನ್ನು ಸೇರಿಸದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಪೈಪಾದರೆ ಕೊನೆಯ ನಾಲ್ಕು ಅಡಿಯನ್ನು ಸಮತಟ್ಟಾಗಿ ಮುಂದಕ್ಕೆ ಚಾಚಿ, ನೀರು ಬೀಳುವ ಕಡೆ ಪೈಪಿನ ಅಗಲದ ಆರು ಪಟ್ಟು ಉದ್ದಕ್ಕೆ ಬೋಲ್ಡರ್ ಹಾಸಬೇಕು, 300 ಮಿ.ಮೀ. ಪೈಪಿಗೆ ಅದು ಎರಡು ಮೀಟರಿನ ಹತ್ತಿರ ಬರುತ್ತದೆ. ಕಲ್ಲಿನ ಇಳಿಗಾಲುವೆಯ ಬುಡಕ್ಕೆ ಇದರ ಅರ್ಧ ಕೆಲಸ ಸಾಕಾಗುತ್ತದೆ, ಏಕೆಂದರೆ ನೀರು ಅಲ್ಲಿಗೆ ಬರುವಾಗಲೇ ದಣಿದಿರುತ್ತದೆ.

ಅಲ್ಲಿಂದ ಮುಂದೆ ಹೂಳುಗುಂಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕಾಮಗಾರಿ ಪರವಾನಗಿಯು ನೀರು ಹರಿದು ಬರುವ ಪ್ರತಿ ಎಕರೆಗೆ 3,600 ಘನ ಅಡಿಯ ಗುಂಡಿಯನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡಿದೆ. 20 ಗುಂಟೆಗೆ ಅದು ಏಳು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ. ಮಲೆನಾಡಿನ ಇಕ್ಕಟ್ಟಿನ ನಿವೇಶನಗಳಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. ಆಗ ಸಣ್ಣ ಗುಂಡಿಯನ್ನೇ ಮಾಡಿ, ಪ್ರತಿ ದೊಡ್ಡ ಮಳೆಯ ನಂತರ ಹೂಳು ಎತ್ತಿಸಲು ಆಳು ಗೊತ್ತುಮಾಡಿಕೊಳ್ಳಬೇಕು, ಮತ್ತು ಆ ಕೂಲಿಯನ್ನೂ ಅಂದಾಜು ಪಟ್ಟಿಗೆ ಸೇರಿಸಬೇಕು. ಗುಂಡಿಯನ್ನು ಧರೆಯ ಬುಡಕ್ಕೆ ತಾಗಿಸಿ ತೋಡಿದರೆ ನಿಂತ ನೀರು ಬುಡವನ್ನೇ ಮೆತ್ತಗೆ ಮಾಡುತ್ತದೆ. ನಾಲ್ಕೈದು ಮೀಟರ್ ಆಚೆಗೆ ಇರಲಿ, ಸುತ್ತ ಬೇಲಿಯಿರಲಿ. ಮಳೆಗಾಲದ ಕೆಂಪು ನೀರಿನಲ್ಲಿ ಗುಂಡಿಯ ಆಳ ಕಾಣುವುದಿಲ್ಲ, ಕಾಮಗಾರಿಯ ಹತ್ತಿರ ಮಕ್ಕಳು ಓಡಾಡುತ್ತಿರುತ್ತಾರೆ.

ವಾರಕ್ಕೊಮ್ಮೆ ಮತ್ತು ಪ್ರತಿ ಬಿರುಸು ಮಳೆಯ ಮರುಬೆಳಿಗ್ಗೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಯೂ ಆಯ್ಕೆಯನ್ನು ಬದಲಿಸಬಲ್ಲುದು. ಮಳೆಗಾಲದಲ್ಲಿ ಕೆಲಸ ನಿಂತು, ಸ್ಥಳದಲ್ಲಿ ಕಾವಲಿನವರೂ ಇಲ್ಲದ ಕಾಮಗಾರಿಗೆ ಹಾಳೆಯ ಕಾಲುವೆಯಾಗಲಿ, ಬಾಯಿಗೆ ಕಸ ಕಟ್ಟುವ ಸಣ್ಣ ಪೈಪಾಗಲಿ ತಕ್ಕುದಲ್ಲ. ಅಂಥಲ್ಲಿ ಅಳತೆಗಿಂತ ಒಂದು ಹಂತ ದೊಡ್ಡ ಪೈಪನ್ನೋ, ಮಣ್ಣು ಒಪ್ಪುವುದಾದರೆ ಕಲ್ಲಿನ ಕಾಲುವೆಯನ್ನೋ ಮಾಡಿಟ್ಟು ಹೋಗಬೇಕು. ದಿನವೂ ಆಳುಗಳಿರುವ ಸ್ಥಳದಲ್ಲಿ ಅಗ್ಗದ ವ್ಯವಸ್ಥೆಯೂ ಚೆನ್ನಾಗಿ ನಡೆಯುತ್ತದೆ.

ಇನ್ನು ತೆಗೆಯುವ ಕಾಲ. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡೊಡನೆ ಪೈಪು ಬಿಚ್ಚುವವರು ಹಿಂಗಾರು ಮಳೆಯನ್ನು ಮರೆತಿರುತ್ತಾರೆ. ಸ್ವಾತಿ ಮಳೆಯ ಕಾಲ ಕಳೆದು, ಧರೆಯ ಮೇಲೆ ಹುಲ್ಲು ಕೈಯಿಂದ ಎಳೆದರೂ ಬಾರದಷ್ಟು ಬೇರು ಬಿಟ್ಟ ಮೇಲೆಯೇ ಅದಕ್ಕೆ ಕೈಹಾಕಬೇಕು. ಪೈಪು ಮಲಗಿದ್ದ ಜಾಗದಲ್ಲಿ ಉಳಿಯುವ ಬೋಳು ಗೆರೆಗೆ ಮಣ್ಣು ತುಂಬಿ, ದಮ್ಮಾಸು ಬಡಿದು, ಅಡ್ಡಸಾಲಿನಲ್ಲಿ ಲಾವಂಚದ ಬುಡಗಳನ್ನು ಒತ್ತೊತ್ತಾಗಿ ನೆಟ್ಟು, ಬೇಸಿಗೆ ಮುಗಿಯುವವರೆಗೆ ನೀರು ಹನಿಸಬೇಕು. ಹಾಗೆಯೇ ಬಿಟ್ಟರೆ ಮುಂದಿನ ವರ್ಷದ ಮೊದಲ ಕೊರಕಲು ಆ ಗೆರೆಯಲ್ಲಿಯೇ ಹುಟ್ಟುತ್ತದೆ.